ಸಿರಿವಂತರ ಮಂಚವೂ ಮೆತ್ತೆಗಾರನ ಲೆಕ್ಕವೂ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದಿರುವ ಮಾತು. ಮನೆಯ ಆಯವ್ಯಯವನ್ನು ಕುರಿತು ಯಾರಿಗೆ ಬುದ್ಧಿ ಹೇಳಬೇಕಾದರೂ ಮೊದಲು ನೆನಪಿಗೆ ಬರುವುದು ಈ ಗಾದೆಯೇ. ಆದರೆ ಆ ಹಾಸಿಗೆಯನ್ನು ಹೊಲಿದವನು ಯಾರು, ಅವನ ಕೂಲಿ ಅವನ ಕೈಗೆ ಸೇರಿತೆ ಎಂಬುದನ್ನು ಗಾದೆಯು ಹೇಳುವುದಿಲ್ಲ. ಕಾಲು ಚಾಚುವವರ ಲೆಕ್ಕ ಒಂದಾದರೆ ಹಾಸಿಗೆಯನ್ನು ಒದಗಿಸಿದವನ ಲೆಕ್ಕ ಇನ್ನೊಂದು. ಈ ತಿಂಗಳು ನಾವು ವಾಚಕರ ಮುಂದೆ ಇಡಬೇಕೆಂದಿರುವುದು ಈ ಎರಡನೆಯ ಲೆಕ್ಕವನ್ನು. ಅದಕ್ಕಾಗಿ ಸುಮಾರು 300 ವರ್ಷಗಳ ಹಿಂದಿನ ಇಂಗ್ಲೆಂಡ್ ದೇಶದ ಕಡೆಗೆ ದೃಷ್ಟಿ ಹರಿಸಬೇಕಾಗಿದೆ. 18ನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿಯ ಧನಿಕ ಮನೆತನಗಳಿಗೆ ಮಂಚ, ಮೆತ್ತೆ, ಪರದೆ, ಪೀಠಗಳನ್ನು ಒದಗಿಸುತ್ತಿದ್ದ ಕಸುಬುದಾರನಿಗೆ ಅಪ್‌ಹೋಲ್ಸ್ಟರರ್ ಎಂದು ಹೆಸರು. ಆ ಹೆಸರು ನಮ್ಮ ನಾಲಗೆಗೆ ತೊಡಕಾದುದರಿಂದ ನಾವು ಅವನನ್ನು ಮೆತ್ತೆಗಾರನೆಂದೇ ಕರೆಯೋಣ.

ನಮ್ಮ ಊರುಗಳಲ್ಲಿ ಪಿಂಜಾರನು ಬಿಲ್ಲನ್ನು ಹೆಗಲಿಗೇರಿಸಿಕೊಂಡು ಬಂದು, ಮನೆಯಂಗಳದಲ್ಲಿಯೇ ಹಳೆಯ ಹತ್ತಿಯನ್ನು ಹಿಂಜಿ, ಹಾಸಿಗೆಯನ್ನು ಹೊಸದು ಮಾಡಿಕೊಡುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಇಂಗ್ಲೆಂಡಿನ ಮೆತ್ತೆಗಾರನ ಮೂಲವೂ ಅಷ್ಟೇ ಸಾಧಾರಣವಾದುದು. ಹಳೆಯ ಬಟ್ಟೆ, ಹಳೆಯ ಹಾಸಿಗೆಗಳನ್ನು ಕೊಂಡು, ದುರಸ್ತುಮಾಡಿ ಮಾರುವುದೇ ಅವನ ಪೂರ್ವಿಕರ ಜೀವನೋಪಾಯವಾಗಿತ್ತು. ಅಂಥವರೆಲ್ಲ ಲಂಡನ್ ಪಟ್ಟಣದಲ್ಲಿ ಒಂದು ಸಂಘವಾಗಿ ಕೂಡಿದ್ದರು. 1626ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯು ಆ ಸಂಘಕ್ಕೆ ಸನ್ನದನ್ನು ದಯಪಾಲಿಸಿದನು.

ಈ ಕಸುಬಿನಲ್ಲಿ ಒಂದು ವಿಶೇಷವುಂಟು. ಅಕ್ಕಸಾಲಿಗನ ಚಿನ್ನವನ್ನು ಒರೆಗೆ ಹಚ್ಚಿ ನೋಡಬಹುದು. ನೇಯ್ಗೆಯವನ ಸೀರೆಯನ್ನು ಬೆಳಕಿಗೆ ಹಿಡಿದು ನೋಡಬಹುದು. ಮೆತ್ತೆಗಾರನ ಕೆಲಸವಾದರೋ ಹೊಲಿಗೆ ಮುಗಿದೊಡನೆ ಕಣ್ಣಿಗೆ ಮರೆಯಾಗಿಬಿಡುತ್ತದೆ. ಒಳಗೆ ತುಂಬಿರುವುದು ಒಳ್ಳೆಯ ಪುಕ್ಕವೋ ಕಸವೋ ಎಂಬುದು ಅವನ ಮನಸ್ಸಾಕ್ಷಿಗೆ ಮಾತ್ರ ತಿಳಿದ ಸಂಗತಿ. ಆದುದರಿಂದಲೇ 1495ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಇದಕ್ಕಾಗಿ ಒಂದು ಕಾನೂನನ್ನು ಮಾಡಬೇಕಾಯಿತು. ಒಣಗಿಸಿ ಕಿತ್ತ ಪುಕ್ಕದೊಡನೆ ಬಿಸಿನೀರಿನಲ್ಲಿ ಅದ್ದಿ ಕಿತ್ತ ಪುಕ್ಕವನ್ನು ಬೆರಸಕೂಡದು; ಸುಣ್ಣದ ತೊಟ್ಟಿಯಲ್ಲಿ ಹದಮಾಡಿದ ಚರ್ಮದಿಂದ ಉದುರಿದ ಕುದುರೆ, ಜಿಂಕೆ, ಮೇಕೆಗಳ ಕೂದಲನ್ನು ಮೆತ್ತೆಗೆ ತುಂಬಕೂಡದು ಎಂದು ಆ ಕಾನೂನು ವಿಧಿಸಿತು. ಅಂಥ ಹಾಸಿಗೆಯಲ್ಲಿ ಮಲಗಿದವನ ಮೈಯ ಕಾವು ತಗಲಿದೊಡನೆ ಸಹಿಸಲಾರದ ದುರ್ವಾಸನೆ ಏಳುತ್ತಿತ್ತು. ಕಾನೂನನ್ನು ಮಾಡಿದುದಕ್ಕೆ ಕೊಟ್ಟ ಕಾರಣವೂ ಅದೇ.

ಇನ್ನೂರು ವರ್ಷಗಳಲ್ಲಿ ಈ ಕಸುಬಿನ ಸ್ಥಿತಿ ಬಹಳ ಬದಲಾಯಿತು. 1700ರ ಹೊತ್ತಿಗೆ ಹೆಸರಾಂತ ಮೆತ್ತೆಗಾರನು ಕೇವಲ ಹೊಲಿಯುವವನಾಗಿ ಉಳಿಯದೆ, ದೊಡ್ಡ ಮನೆಯೊಂದನ್ನು ನೆಲದಿಂದ ಚಾವಣಿಯವರೆಗೆ ಸಜ್ಜುಗೊಳಿಸುವ ಗುತ್ತಿಗೆದಾರನಾಗಿದ್ದನು. ಲಂಡನ್ನಿನ ಕಸುಬುಗಳನ್ನೆಲ್ಲ ವರ್ಣಿಸಿ 1747ರಲ್ಲಿ ಪುಸ್ತಕವೊಂದನ್ನು ಬರೆದ ಕ್ಯಾಂಪ್‌ಬೆಲ್ ಎಂಬವನು, ಮನೆಯನ್ನು ಸಜ್ಜುಗೊಳಿಸುವ ಕಾರ್ಯದಲ್ಲಿ ಮೆತ್ತೆಗಾರನೇ ಮುಖ್ಯನೆಂದು ಹೇಳಿದ್ದಾನೆ. ಅವನಿಗಾಗಿ ಬಡಗಿ ಮಂಚದ ಚೌಕಟ್ಟನ್ನು ಕೂಡಿಸುವನು. ಕೆತ್ತನೆಯವನು ಕಂಬಗಳಿಗೆ ಹೂಬಳ್ಳಿಯನ್ನು ಬಿಡಿಸುವನು. ಕಮ್ಮಾರನು ಪರದೆಯ ಸರಳುಗಳನ್ನು ಬಡಿಯುವನು. ಕನ್ನಡಿ ಉಜ್ಜುವವನು, ರೇಷ್ಮೆಯ ವರ್ತಕ, ಬನಾತಿನ ವರ್ತಕ, ಕುಚ್ಚು ಜಾಲರುಗಳನ್ನು ಹೆಣೆಯುವವನು ಇವರೆಲ್ಲರೂ ಅವನ ಮಾತಿಗಾಗಿ ಕಾದಿರುವರು. ಮನೆಯಲ್ಲಿ ಸಾವು ಸಂಭವಿಸಿದರೂ ಅವನಿಗೇ ಕರೆ ಹೋಗುತ್ತಿತ್ತು. ಕೊಠಡಿಗಳಿಗೆ ಕರಿಯ ಬಟ್ಟೆಯನ್ನು ತೂಗುಹಾಕುವುದು, ಶವಯಾತ್ರೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುವುದು ಅವನ ಕೆಲಸಗಳಲ್ಲಿ ಸೇರಿತ್ತು.

ಇಷ್ಟೆಲ್ಲ ಕೆಲಸಗಳಲ್ಲಿಯೂ ಅವನ ಕೀರ್ತಿಗೆ ಕಳಶಪ್ರಾಯವಾದುದು ಮಂಚ. ಮನೆಯವರು ದಿನವೂ ಮಲಗುವ ಮಂಚವಲ್ಲ; ದೊರೆಯೋ ದೊಡ್ಡ ಅಧಿಕಾರಿಯೋ ಎಂದಾದರೊಂದು ದಿನ ಬಿಡಾರ ಮಾಡಬಹುದೆಂಬ ನಿರೀಕ್ಷೆಯಿಂದ ಸಜ್ಜುಮಾಡಿಟ್ಟ ಮಂಚ. ಫ್ರಾನ್ಸಿನ ಅರಮನೆಯಿಂದ ಹಬ್ಬಿದ ಈ ಪದ್ಧತಿಯು ಇಂಗ್ಲೆಂಡಿನ ಸಿರಿವಂತರಲ್ಲಿ ಬಲವಾಗಿ ಬೇರೂರಿತ್ತು. 1685ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯು ಪ್ರಾಟೆಸ್ಟಂಟ್ ಮತದವರಿಗಿದ್ದ ರಕ್ಷಣೆಯನ್ನು ರದ್ದುಮಾಡಲು, ಸಾವಿರಾರು ಮಂದಿ ಕುಶಲ ಕೆಲಸಗಾರರು ದೇಶವನ್ನು ಬಿಟ್ಟು ಲಂಡನ್ನಿಗೆ ಬಂದು ನೆಲಸಿದರು. ಫ್ರೆಂಚರ ಈ ಕೈಚಳಕವನ್ನು ಲಂಡನ್ನಿನಲ್ಲಿ ಮೆರೆಸಿದ ಮೆತ್ತೆಗಾರರಲ್ಲಿ ಪಾಲ್‌ಮಾಲ್ ಬೀದಿಯ ಫ್ರಾನ್ಸಿಸ್ ಲಾಪಿಯೇರ್ ಎಂಬವನು ಬಹು ಪ್ರಸಿದ್ಧ. 1697ರಲ್ಲಿ ಅವನು ಡೆವನ್‌ಷೈರಿನ ಡ್ಯೂಕನಿಗೆ ಮಾಡಿಕೊಟ್ಟ ಮಂಚಕ್ಕೆ 470 ಪೌಂಡು ಬೆಲೆಯಾಯಿತು. ಸ್ಕಾಟ್ಲೆಂಡಿನ ಮೆಲ್ವಿಲ್ ಮನೆತನಕ್ಕಾಗಿ 1700ರ ಸುಮಾರಿಗೆ ತಯಾರಾದ, ಅವನದೇ ಕೆಲಸವೆಂದು ತಜ್ಞರು ಎಣಿಸಿರುವ ಇನ್ನೊಂದು ಮಂಚವು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಎತ್ತರ ಸುಮಾರು 15 ಅಡಿ. ಹೊರಗೆ ಇಟಲಿಯ ಕೆಂಪು ಮಕಮಲ್ಲು, ಒಳಗೆ ಚೀನಾದ ಬಿಳಿಯ ರೇಷ್ಮೆ, ಅಂಚಿನುದ್ದಕ್ಕೂ ಕೆಂಪು ಜಾಲರು.

ಇಂಥ ಮಂಚದಲ್ಲಿ ಮರವು ಕಾಣುವುದೇ ಅಪರೂಪ. ಕೆತ್ತಿದ ಮರದ ಏರುತಗ್ಗುಗಳ ಮೇಲೆಲ್ಲ ಬಟ್ಟೆಯನ್ನು ಸುಕ್ಕಿಲ್ಲದಂತೆ ಅಂಟಿನಿಂದ ಕೂಡಿಸುತ್ತಿದ್ದರು. ಮೇಲ್ಕಟ್ಟು, ಅದರ ಸುತ್ತ ಇಳಿಬಿಟ್ಟ ಪಟ್ಟಿಗಳು, ನಾಲ್ಕು ಕಡೆಯ ಪರದೆಗಳು, ತಲೆಯ ಕಡೆಯ ಹಲಗೆ ಎಲ್ಲವೂ ಒಂದೇ ಬಟ್ಟೆಯಿಂದ ಆಗಬೇಕು. ಕೊಠಡಿಯ ಕುರ್ಚಿಗಳಿಗೂ ಅದರದೇ ಹೊದಿಕೆಯಾಗಬೇಕು. ಮಲಗುವ ಭಾಗದಲ್ಲಿಯೂ ಪದರಗಳಿದ್ದುವು. ಕೆಳಗೆ ಹುಲ್ಲಿನ ಹಾಸು, ಅದರ ಮೇಲೆ ಉಣ್ಣೆಯದೋ ಕೂದಲಿನದೋ ಮೆತ್ತೆ, ಎಲ್ಲಕ್ಕೂ ಮೇಲೆ ಪುಕ್ಕದ ಹಾಸಿಗೆ. ಹಂಸತೂಲಿಕಾತಲ್ಪವೆಂಬ ಮಾತನ್ನು ನಾವು ಪುರಾಣಪ್ರವಚನಗಳಲ್ಲಿ ಕೇಳಿ ಬಲ್ಲೆವು. ಆ ಜನರು ಅದನ್ನು ನಿಜವಾಗಿಯೇ ತೂಕಮಾಡಿಸಿ ಕೊಳ್ಳುತ್ತಿದ್ದರು.

ಈಗ ಬೆಲೆಯ ವಿಚಾರವನ್ನು ಸ್ವಲ್ಪ ನೋಡೋಣ. ಆ್ಯನ್ ರಾಣಿಯು ತನ್ನ ಕಡೆಯ ದಿನಗಳಲ್ಲಿ ಅಪ್ಪಣೆಮಾಡಿದ ಮಕಮಲ್ಲಿನ ಮಂಚಕ್ಕೆ 674 ಪೌಂಡು ತಗಲಿತು. ರಾಣಿಯು 1714ರ ಆಗಸ್ಟಿನಲ್ಲಿ ತೀರಿಕೊಂಡಳು. ಮಂಚವು ಈಗಲೂ ಹ್ಯಾಂಪ್ಟನ್ ಕೋರ್ಟಿನ ಅರಮನೆಯಲ್ಲಿ ಇದೆ. ಮುಖ್ಯಮಂತ್ರಿ ಸರ್ ರಾಬರ್ಟ್ ವಾಲ್‌ಪೋಲನು ನಾರ್ಫೋಕ್ ಪ್ರಾಂತದ ತನ್ನ ಹೌಟನ್ ಮಹಲಿನಲ್ಲಿ ಹಸುರು ಮಕಮಲ್ಲಿನ ಮಂಚವೊಂದನ್ನು ಹಾಕಿಸಿದನು. 1732ರಲ್ಲಿ ಆ ಮಂಚದ ಜರಿಯ ಅಂಚುಗಳಿಗೆ ಮಾತ್ರವೇ 1,219 ಪೌಂಡು 3 ಷಿಲ್ಲಿಂಗು 11 ಪೆನ್ಸುಗಳ ಲೆಕ್ಕ ಬಂದಿತು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಮೇಲೆ ಹೇಳಿದ ಕ್ಯಾಂಪ್‌ಬೆಲನ ಪ್ರಕಾರ ಈ ಕಸುಬಿನಲ್ಲಿ ನುರಿತ ಗಂಡಾಳಿಗೆ ವಾರಕ್ಕೆ 12ರಿಂದ 15 ಷಿಲ್ಲಿಂಗು ಸಿಗುತ್ತಿತ್ತು. ಹೊಲಿಗೆಯ ಹೆಂಗಸು ಚೆನ್ನಾಗಿ ಕೆಲಸ ಬಲ್ಲವಳಾದರೆ ದಿನಕ್ಕೆ ಒಂದು ಷಿಲ್ಲಿಂಗು. ವಾರಕ್ಕೆ ಆರು ದಿನದಂತೆ ವರ್ಷವಿಡೀ ಒಂದು ದಿನವೂ ತಪ್ಪದೆ ಹೊಲಿದರೆ ಆಕೆಗೆ 15 ಪೌಂಡು 12 ಷಿಲ್ಲಿಂಗು ಬರಬೇಕು. ಹೌಟನ್ ಮಂಚದ ಅಂಚಿನ ಬೆಲೆಯನ್ನು ಸಂಪಾದಿಸಲು ಆಕೆ 78 ವರ್ಷ ಸೂಜಿಯನ್ನು ಕೆಳಗಿಡದೆ ದುಡಿಯಬೇಕಾಗಿತ್ತು. ವಾಲ್‌ಪೋಲನಾದರೋ 1745ರಲ್ಲಿ ಕಾಲವಾದಾಗ ಬಹು ದೊಡ್ಡ ಸಾಲವನ್ನು ಬಿಟ್ಟುಹೋದನು. ಅವನು ಕೂಡಿಟ್ಟಿದ್ದ ಶ್ರೇಷ್ಠವಾದ ಚಿತ್ರಗಳನ್ನು ಮೊಮ್ಮಗನು 1779ರಲ್ಲಿ ರಷ್ಯದ ಸಾಮ್ರಾಜ್ಞಿ ಕ್ಯಾಥರೀನಳಿಗೆ ಮಾರಿಬಿಟ್ಟನು.

ಮಂಚದ ಬೆಲೆಯಲ್ಲಿ ಬಹುಪಾಲು ಬಟ್ಟೆಯದೇ. ಆ ಬಟ್ಟೆಯ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲುಂಟು. ಚೋಳಮಂಡಲ ತೀರದಿಂದಲೂ ಗುಜರಾತಿನಿಂದಲೂ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಹೊತ್ತೊಯ್ದ ಚೀಟಿಬಟ್ಟೆಯು ಲಂಡನ್ನಿನ ಮೆತ್ತೆಗಾರನ ಅಂಗಡಿಯನ್ನು ತುಂಬಿತು. ಒಗೆದರೂ ಬಣ್ಣ ಬಿಡದ, ಹಗುರವಾದ, ಹೂಬಳ್ಳಿಗಳಿಂದ ತುಂಬಿದ ಆ ಬಟ್ಟೆಯನ್ನು ಅಲ್ಲಿಯ ಗೃಹಿಣಿಯರು ಪರದೆಗೂ ಮೇಲುಹಾಸಿಗೂ ಮೆತ್ತೆಗೂ ಆಶೆಪಟ್ಟು ಕೇಳತೊಡಗಿದರು. ಅಲ್ಲಿಯ ಉಣ್ಣೆ ರೇಷ್ಮೆಗಳ ನೇಕಾರರಿಗೆ ಅನ್ನಕ್ಕೆ ಕುತ್ತು ಬಂದಿತು. 1719ರಲ್ಲಿ ಅವರು ದಂಗೆಯೆದ್ದು, ಚೀಟಿಬಟ್ಟೆಯನ್ನುಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನು ಬೀದಿಯಲ್ಲಿಯೇ ಹರಿದರು. 1721ರಲ್ಲಿ ಪಾರ್ಲಿಮೆಂಟು ಉಡುಪಿಗಾಗಲಿ ಮನೆಯ ಸಜ್ಜಿಗಾಗಲಿ ಬಣ್ಣದ ಹತ್ತಿಬಟ್ಟೆಯನ್ನು ಬಳಸಕೂಡದೆಂದು ನಿಷೇಧಿಸಿತು. 1722ರ ಡಿಸೆಂಬರ್ 25ರಿಂದ ಅದು ಜಾರಿಗೆ ಬಂದಿತು. ಉಟ್ಟವರಿಗೆ 5 ಪೌಂಡು ದಂಡ, ಮಾರಿದವರಿಗೆ 20 ಪೌಂಡು. ಒಂದು ಮೆತ್ತೆಯ ಹೊದಿಕೆಗಾಗಿ ಎರಡು ದೇಶಗಳ ನೇಕಾರರ ಹೊಟ್ಟೆಪಾಡು ಹೀಗೆ ತಕ್ಕಡಿಗೇರಿತು. ಮನೆಗೆ ಕೊಂಡುತರುವ ಬಟ್ಟೆಯ ಹಿಂದೆ ಎಷ್ಟು ಸಂಸಾರಗಳಿರುತ್ತವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ನಾವು ಮೊದಲು ಹೇಳಿದ ಲೆಕ್ಕಕ್ಕೆ ಬರೋಣ. ಧನಿಕರು ನಗದು ಕೊಟ್ಟು ಕೊಳ್ಳುವ ವಾಡಿಕೆ ಆಗ ಇರಲಿಲ್ಲ. ಸಾಮಾನು ಇಂದು ಹೋಗುವುದು. ಹಣವು ಆರು ತಿಂಗಳಿಗೋ ವರ್ಷಕ್ಕೋ, ಕೆಲವು ವೇಳೆ ಬಹು ವರ್ಷಗಳ ತರುವಾಯವೋ ಬರುವುದು. ಅಷ್ಟರಲ್ಲಿ ಮೆತ್ತೆಗಾರನು ರೇಷ್ಮೆಯ ವರ್ತಕನಿಗೆ ಉತ್ತರ ಹೇಳಬೇಕು, ಬಡಗಿಗೆ ಕೊಡಬೇಕು, ಶನಿವಾರ ಸಂಜೆ ಹೊಲಿಗೆಯವರ ಕೂಲಿಯನ್ನು ಚುಕ್ತಾ ಮಾಡಬೇಕು. ಕೊಡಲಾರದೆ ಹೋದರೆ ಸಾಲಗಾರರು ಅವನನ್ನು ಸೆರೆಮನೆಗೆ ಹಾಕಿಸಬಹುದಾಗಿತ್ತು. ಲಂಡನ್ನಿನಲ್ಲಿ ಸಾಲಗಾರರಿಗೆಂದೇ ಸೆರೆಮನೆಗಳಿದ್ದುವು. ಆದರೆ ಅವನಿಗೆ ಹಣ ಕೊಡಬೇಕಾದ ಲಾರ್ಡು ಮಹಾಶಯನನ್ನು ಸಾಲಕ್ಕಾಗಿ ಯಾರೂ ಹಿಡಿಯುವಂತಿರಲಿಲ್ಲ. ಪ್ರಭುವರ್ಗದವರಿಗೆ ಆ ವಿಷಯದಲ್ಲಿ ಕಾನೂನೇ ರಕ್ಷಣೆಯನ್ನು ಕೊಟ್ಟಿತ್ತು. ಕೊಡದವನು ಮಹಲಿನಲ್ಲಿ, ಕೊಡಿಸಿಕೊಳ್ಳಬೇಕಾದವನು ಸೆರೆಯಲ್ಲಿ ಎಂಬ ಅನ್ಯಾಯವು ಹೀಗೆ ಸಾಧ್ಯವಾಗಿತ್ತು. ಈ ಸ್ಥಿತಿ ಬೇಗನೆ ಸುಧಾರಿಸಲೂ ಇಲ್ಲ. ಅರ್ಧ ಶತಮಾನ ಕಳೆದ ಮೇಲೆ, 1770ರ ದಶಕದಲ್ಲಿ, ಜಗತ್ಪ್ರಸಿದ್ಧನಾದ ಥಾಮಸ್ ಚಿಪ್ಪೆಂಡೇಲನು ಬಾಕಿಯನ್ನು ಕೇಳಿದಾಗ ಸರ್ ಎಡ್ವರ್ಡ್ ನ್ಯಾಚ್‌ಬುಲ್ ಎಂಬ ಜಮೀನ್ದಾರನು, ತನಗೆ ಗೇಣಿ ವರ್ಷಕ್ಕೊಮ್ಮೆ ಬರುವುದರಿಂದ ತಾನು ವರ್ತಕರಿಗೆ ಕೊಡುವುದೂ ವರ್ಷಕ್ಕೊಮ್ಮೆಯೇ ಎಂದು ಬರೆದು ಕಳುಹಿಸಿದನು. ಲೋಕರೂಢಿಯನ್ನು ನೋಡಿದರೆ ಇದೇನೂ ಕೆಟ್ಟ ಪಾವತಿಯಲ್ಲವೆಂಬ ಸಮಾಧಾನವೂ ಆ ಕಾಗದದಲ್ಲಿತ್ತು. ಗೇಣಿಯು ವರ್ಷಕ್ಕೊಮ್ಮೆ ಬಂದರೂ ಕೂಲಿಯವನ ಹಸಿವು ದಿನಕ್ಕೆರಡು ಸಲ ಬರುವುದೆಂಬುದು ಆ ಮಹನೀಯನಿಗೆ ಹೊಳೆಯಲಿಲ್ಲ.

ಸಾಲದ ಸಜ್ಜಿಗೂ ಸ್ವಂತದ ಸಜ್ಜಿಗೂ ಇರುವ ಭೇದವನ್ನು ತಿಳಿಯಲು ವೇಲ್ಸ್ ಪ್ರಾಂತದ ರೆಕ್ಸ್‌ಹ್ಯಾಮ್ ಪಟ್ಟಣದ ಹತ್ತಿರವಿರುವ ಎರ್ದಿಗ್ ಎಂಬ ಮಹಲಿನ ವೃತ್ತಾಂತವು ಒಳ್ಳೆಯ ಉದಾಹರಣೆ. 1684ರಿಂದ 1687ರವರೆಗೆ ಜೋಷುವಾ ಎಡಿಸ್‌ಬರಿ ಎಂಬವನು ಅದನ್ನು ಕಟ್ಟಿಸಿದನು. ಆಶೆ ದೊಡ್ಡದು, ಕೈಯಲ್ಲಿದ್ದುದು ಚಿಕ್ಕದು. ಅವನಿಗೆ ಸಾಲ ಕೊಟ್ಟವರಲ್ಲಿ ಒಬ್ಬನು ಎಲಿಹು ಯೇಲ್. ಈತನು 1687ರಿಂದ 1692ರವರೆಗೆ ನಮ್ಮ ನೆರೆಯ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದು, ಅಲ್ಲಿಯ ವ್ಯಾಪಾರದಲ್ಲಿ ಅಪಾರವಾದ ಐಶ್ವರ್ಯವನ್ನು ಗಳಿಸಿದವನು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯವು ಇವನ ಹೆಸರನ್ನೇ ಹೊತ್ತಿದೆ. ಮದರಾಸಿನ ಹಣವು ವೇಲ್ಸಿನ ಗೋಡೆಯಾಗಿ ಎದ್ದಿತು. ಆದರೆ ಸಾಲ ತೀರಲಿಲ್ಲ. ಎಡಿಸ್‌ಬರಿಯು ದಿವಾಳಿಯಾಗಿ, ತಾನು ಕಟ್ಟಿಸಿದ ಮನೆಯನ್ನು ಬಿಟ್ಟು ಹೊರಡಬೇಕಾಯಿತು.

ಆ ಮನೆಯನ್ನು ಕೊಂಡವನು ಜಾನ್ ಮೆಲ್ಲರ್. ಈತನು ಲಂಡನ್ನಿನ ಚಾನ್ಸರಿ ನ್ಯಾಯಸ್ಥಾನದ ಅಧಿಕಾರಿ, ಅವಿವಾಹಿತ, ಕೈಯಲ್ಲಿ ಹಣವುಳ್ಳವನು. 1720ರ ದಶಕದಲ್ಲಿ ಅವನು ಮನೆಯನ್ನು ವಿಸ್ತರಿಸಿ ಲಂಡನ್ನಿನ ಉತ್ತಮ ಕಸುಬುದಾರರಿಂದ ಅದನ್ನು ಸಜ್ಜುಗೊಳಿಸಿದನು. ಸೇಂಟ್ ಪಾಲ್ ದೇವಾಲಯದ ಅಂಗಳದಲ್ಲಿ ಅಂಗಡಿಯನ್ನಿಟ್ಟಿದ್ದ ಜಾನ್ ಬೆಲ್ಚಿಯರನಿಂದ ದೊಡ್ಡ ಕನ್ನಡಿಗಳು ಬಂದುವು. ಬೆಳ್ಳಿಯ ಬಣ್ಣದ ಕುರ್ಚಿಗಳಿಗೆ ಮಕಮಲ್ಲಿನ ಹೊದಿಕೆಯಾಯಿತು. 1720ರಲ್ಲಿ ಚೀನಾಂಬರದ ಮೇಲೆ ಹಕ್ಕಿಗಳನ್ನೂ ಹೂಗಳನ್ನೂ ಕಸೂತಿಮಾಡಿದ ಬಟ್ಟೆಯಿಂದ ಮಹಾಮಂಚವು ಸಿದ್ಧವಾಯಿತು. 1733ರಲ್ಲಿ ಮೆಲ್ಲರನು ಕಾಲವಾಗಲು ಅವನ ಸೋದರಳಿಯ ಸೈಮನ್ ಯಾರ್ಕನಿಗೆ ಮನೆ ಬಂದಿತು. ಯಾರ್ಕ್ ಮನೆತನದವರು ಯಾವುದನ್ನೂ ಬಿಸಾಡುವವರಲ್ಲ. ಮನೆಯ ಆಳುಕಾಳುಗಳ ಚಿತ್ರಗಳನ್ನೂ ಬರೆಯಿಸಿ ಗೋಡೆಗೆ ತೂಗುಹಾಕಿದ ಅಪೂರ್ವ ಕುಟುಂಬ ಅವರದು. 20ನೆಯ ಶತಮಾನದಲ್ಲಿ ಮನೆಯ ಕೆಳಗೆ ಕಲ್ಲಿದ್ದಲ ಗಣಿಯನ್ನು ತೋಡಿದ್ದರಿಂದ ನೆಲ ಕುಸಿದು, ಚಾವಣಿ ಸೀಳಿ, ಮಳೆಯ ನೀರು ಆ ಮಂಚದ ಮೇಲೆಯೇ ಸೋರಿತು. ಅದನ್ನು ಲಂಡನ್ನಿನ ವಸ್ತುಸಂಗ್ರಹಾಲಯದ ತಜ್ಞರು ಬಹಳ ಶ್ರಮವಹಿಸಿ ಉಳಿಸಿಕೊಟ್ಟರು. 1973ರಲ್ಲಿ ವಂಶದ ಕಡೆಯವನಾದ ಫಿಲಿಪ್ ಯಾರ್ಕನು ಮನೆಯನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದನು. ಸಾಲದಿಂದ ಮನೆ ಕಟ್ಟಿದವನಿಗೆ ಅದು ಎರಡು ತಲೆಗೂ ನಿಲ್ಲಲಿಲ್ಲ. ತನ್ನ ಶಕ್ತಿಯನ್ನರಿತು ಸಜ್ಜುಗೊಳಿಸಿದವನ ಮಂಚವು 300 ವರ್ಷಗಳ ಮೇಲೆಯೂ ಮನೆಯಲ್ಲಿಯೇ ಇದೆ.

ಬಾಳಿಕೆಯ ಮಾತು ಬಂದುದರಿಂದ ಇನ್ನೊಂದು ಸಣ್ಣ ಸಂಗತಿಯನ್ನು ಹೇಳುವುದು ಉಚಿತ. 1714ರ ಸುಮಾರಿಗೆ ಅರಮನೆಗೂ ಕೆಲಸಮಾಡುತ್ತಿದ್ದ ಥಾಮಸ್ ಫಿಲ್ ಎಂಬ ಮೆತ್ತೆಗಾರನು ಕ್ಯಾನನ್ಸ್ ಆ್ಯಷ್ಬಿಯ ಎಡ್ವರ್ಡ್ ಡ್ರೈಡನ್ನನಿಗೆ ಕಸೂತಿಯ ಹೊದಿಕೆಯುಳ್ಳ ಕುರ್ಚಿಗಳನ್ನು ಒದಗಿಸಿದನು. ಕಸೂತಿಯ ಮೇಲೆ ಹಾಕತಕ್ಕ ಸಾದಾ ಉಣ್ಣೆಬಟ್ಟೆಯ ಗವಸುಗಳೂ ಅವನ ಲೆಕ್ಕದಲ್ಲಿ ಸೇರಿದ್ದುವು. ದೊಡ್ಡ ಮಂಚಗಳಿಗೂ ಹೊರಗಡೆ ಇಂಥ ಅಗ್ಗದ ಪರದೆಗಳಿರುತ್ತಿದ್ದುವು. ಅತಿಥಿ ಬಂದಾಗ ಮಾತ್ರ ಗವಸು ತೆಗೆಯುವುದು. ಉಳಿದ ದಿನಗಳಲ್ಲಿ ಬಿಸಿಲು ಧೂಳುಗಳಿಗೆ ಅದೇ ಎದೆಯೊಡ್ಡುವುದು. ಆ ಕುರ್ಚಿಗಳ ಬಣ್ಣವು ಇಂದಿಗೂ ನೋಡುವಂತೆ ಉಳಿದಿದ್ದರೆ ಅದಕ್ಕೆ ಆ ಸಾದಾ ಬಟ್ಟೆಯೂ ಕಾರಣವೆನ್ನಬೇಕು.

ಇದರಿಂದ ನಮ್ಮ ಗೃಹಸ್ಥರು ತಿಳಿದುಕೊಳ್ಳತಕ್ಕ ಸಂಗತಿಗಳು ಮೂರು. ಮೊದಲನೆಯದು, ಹಾಸಿಗೆಯನ್ನಾಗಲಿ ಮೆತ್ತೆಯ ಕುರ್ಚಿಯನ್ನಾಗಲಿ ಮಾಡಿಸುವಾಗ ಮೇಲಿನ ಬಟ್ಟೆಗಿಂತ ಒಳಗಿನ ತುಂಬನ್ನು ಮೊದಲು ನೋಡಬೇಕು. ಬೂರುಗದ ಅರಳೆಯೋ ಹತ್ತಿಯೋ ನಾರೋ, ಯಾವುದಾದರೂ ಆಗಲಿ, ಕಣ್ಣೆದುರಿಗೆ ತೂಗಿಸಿ ತುಂಬಿಸಬೇಕು. ಪ್ರಾಮಾಣಿಕನಾದ ಕಸುಬುದಾರನಿಗೆ ಇದರಿಂದ ಅಸಮಾಧಾನವಾಗದು, ಹೆಮ್ಮೆಯೇ ಆಗುವುದು. ಎರಡನೆಯದು, ಬೆಲೆಯುಳ್ಳ ಹೊದಿಕೆಗೆ ಒಗೆಯಬಹುದಾದ ಗವಸೊಂದನ್ನು ಅದರ ಜೊತೆಯಲ್ಲಿಯೇ ಹೊಲಿಸಿಡಬೇಕು. ಮೂರನೆಯದೇ ಮುಖ್ಯವಾದುದು. ಕೆಲಸ ಮುಗಿದ ದಿನವೇ ಕೂಲಿಯನ್ನು ಕೊಟ್ಟುಬಿಡಬೇಕು. ಮದುವೆಯ ಸಂಭ್ರಮದಲ್ಲಿ ಬೀಗರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಸಾಲಮಾಡಿ ಮನೆಯನ್ನು ಸಿಂಗರಿಸಿ, ಹಾಸಿಗೆ ಹೊಲಿದವನಿಗೆ ಮಾತ್ರ ‘ನಾಳೆ ಬಾ’ ಎನ್ನುವ ಮನೆಗಳು ನಮ್ಮಲ್ಲಿಯೂ ಇಲ್ಲದಿಲ್ಲ. ಅಂಗಡಿಯ ವರ್ತಕನು ಒಂದು ತಿಂಗಳು ತಡೆದಾನು; ಸೂಜಿಯಿಂದ ಬದುಕುವವನಿಗೆ ನಾಳೆಯೆಂಬುದು ಬಹಳ ದೂರ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಈಗ ಇನ್ನೊಂದು ಮಾತನ್ನು ಸೇರಿಸಬಹುದೆಂದು ನಮಗೆ ತೋರುತ್ತದೆ. ಹಾಸಿಗೆಯ ಬಾಕಿ ತೀರುವವರೆಗೆ ಅದು ಹೊಲಿದವನದು. ತೀರಿದ ಮೇಲೆ ನಮ್ಮದು. ನಮ್ಮದಾದ ಹಾಸಿಗೆಯಲ್ಲಿ, ಅದು ಬರಿಯ ಚಾಪೆಯೇ ಆಗಿರಲಿ, ನಿಶ್ಚಿಂತೆಯಿಂದ ನಿದ್ರೆ ಬರುವುದು.